ಎಂಜಲು ಪೀಪಿ

ಬಸ್ ಡಿಪೋದ ಗೇಟಿನಲ್ಲಿ ಅವತ್ತು ಬೆಳಗ್ಗೆ ಮೊದಲ ಏಟು ಬಿದ್ದದ್ದು ಡುಮ್ಮನ ಮೂಗಿಗೆ. ಹೊಡೆದವನು ಕಡ್ಡಿ. ಇಬ್ಬರೂ ಡ್ರೈವರುಗಳು, ಹತ್ತು ವರ್ಷ ಒಂದೇ ಸಾಲಿನಲ್ಲಿ ನಿಂತು ಡ್ಯೂಟಿಗೆ ಹೊರಟವರು. ಕಡ್ಡಿಯ ಮೈಯಲ್ಲಿ ಮೂಳೆ ಬಿಟ್ಟರೆ ಹೆಚ್ಚಿಗೆ ಏನೂ ಇರಲಿಲ್ಲ. ಆದರೆ ಆ ಮೂಳೆಯೇ ಡುಮ್ಮನ ಮೂಗಿಗೆ ಬಡಿದಾಗ ಒಣಗಿದ ಕಟ್ಟಿಗೆ ಮುರಿದಂಥ ಸದ್ದಾಯಿತು.

ಜಗಳಕ್ಕೆ ಕಾರಣ ಬೆರಳುದ್ದದ ಒಂದು ಪ್ಲಾಸ್ಟಿಕ್ ಕೊಳವೆ. ಬಸ್ ಹತ್ತುವ ಮುನ್ನ ಪ್ರತಿಯೊಬ್ಬ ಡ್ರೈವರೂ ಗೇಟಿನಲ್ಲಿ ಒಂದು ಯಂತ್ರಕ್ಕೆ ಉಸಿರು ಊದಿ, ತಾನು ಕುಡಿದಿಲ್ಲ ಎಂದು ತೋರಿಸಿ ಹೋಗಬೇಕು. ಯಂತ್ರದ ತುದಿಗೆ ಸಿಕ್ಕಿಸುವ ಕೊಳವೆಯನ್ನು ಅವರೆಲ್ಲ ಪೀಪಿ ಎನ್ನುತ್ತಿದ್ದರು. ಒಬ್ಬರು ಊದಿದ ಪೀಪಿಯನ್ನು ಬಿಸಾಕಿ ಮುಂದಿನವರಿಗೆ ಹೊಸದು ಹಾಕಬೇಕೆಂದು ಯಂತ್ರದ ಡಬ್ಬಿಯ ಮೇಲೆಯೇ ಚಿತ್ರ ಸಮೇತ ಅಚ್ಚಾಗಿತ್ತು. ಆದರೆ ಮೂರು ತಿಂಗಳಿಂದ ಹೊಸ ಪೀಪಿ ಕೈಗೆ ಬಂದಿರಲಿಲ್ಲ. ಇದ್ದದ್ದು ಒಂದೇ ಒಂದು. ಅದಕ್ಕೇ ದಿನಕ್ಕೆ ನೂರಿಪ್ಪತ್ತು ಬಾಯಿ.

ಯಂತ್ರ ಹಿಡಿಯುವ ಕೆಲಸ ಗೇಟಕ್ಕನದು. ನಲವತ್ತಾರು ದಾಟಿದ ಹೆಂಗಸು. ಗೇಟಿನ ಕಾವಲಿಗೆ ಬಂದು ಹದಿನೈದು ವರ್ಷವಾಗಿತ್ತು. ಡಿಪೋದಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಯಾರ ಬಾಯಲ್ಲೂ ಇರಲಿಲ್ಲ. ಪೀಪಿ ಕೇಳಿಕೊಂಡು ಅವಳು ಸೂಪರ್‌ವೈಸರ್ ಹತ್ತಿರ ಎಷ್ಟು ಸಲ ಹೋಗಿದ್ದಳೋ ಲೆಕ್ಕವಿಲ್ಲ. "ಬಂದಾಗ ಕೊಡ್ತೀನಿ, ಅಲ್ಲೀವರೆಗೆ ಒರೆಸ್ಕೊಂಡು ನಡೆಸಮ್ಮ" ಎಂದು ಆತ ಪ್ರತಿ ಸಲವೂ ಅದೇ ಮಾತಾಡಿ ಕಳಿಸುತ್ತಿದ್ದ. ಅವಳು ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಮುಂದಿನವನ ಬಾಯಿಗೆ ಹಿಡಿಯುತ್ತಿದ್ದಳು. ಮೊದಮೊದಲು ಡ್ರೈವರುಗಳು ಅದನ್ನೂ ತಮಾಷೆ ಮಾಡಿದರು. "ನೂರಿಪ್ಪತ್ತು ಜನ ದಿನಾ ಬೆಳಗ್ಗೆ ಒಬ್ಬರಿಗೊಬ್ಬರು ಮುತ್ತಿಟ್ಕೋತೀವಿ, ಮನೇಲಿ ಹೆಂಡ್ತಿಗೆ ಮಾತ್ರ ಪುರುಸೊತ್ತಿಲ್ಲ" ಎಂದು ನಕ್ಕರು. ಆಮೇಲೆ ಒಬ್ಬನಿಗೆ ಕೆಮ್ಮು ಹತ್ತಿತು, ಅದು ಹನ್ನೆರಡು ಜನಕ್ಕೆ ಹರಡಿತು. ಡುಮ್ಮನ ತುಟಿಯ ಮೂಲೆಯಲ್ಲಿ ನೀರು ತುಂಬಿದ ಗುಳ್ಳೆಗಳೆದ್ದವು, ವಾರದೊಳಗೆ ನಾಲ್ಕೈದು ಜನರ ತುಟಿಯಲ್ಲಿ ಅಂಥವೇ ಕಾಣಿಸಿಕೊಂಡವು. ನಗು ನಿಂತುಹೋಯಿತು.

ಅವತ್ತು ಸಾಲಿನಲ್ಲಿ ಡುಮ್ಮನ ಹಿಂದೆ ಕಡ್ಡಿ, ಕಡ್ಡಿಯ ಹಿಂದೆ ಗೇಟಕ್ಕನ ಸ್ವಂತ ತಮ್ಮ ನಿಂತಿದ್ದರು. ಡುಮ್ಮ ಊದಿದ. ಗೇಟಕ್ಕ ಒರೆಸಿ ಕಡ್ಡಿಯ ಮುಂದೆ ಹಿಡಿದಳು. ಕಡ್ಡಿ ಬಾಯಿ ತೆರೆಯಲಿಲ್ಲ. ಅವನ ಕೆಳತುಟಿ ಊದಿ ಕೀವು ಒಸರುತ್ತಿತ್ತು.

"ಇವನ ಎಂಜಲು ನನಗೆ ಬೇಡ" ಎಂದ.

"ಬೇಡ ಅಂದ್ರೆ ಮನೆಗೆ ಹೋಗು" ಎಂದು ಡುಮ್ಮ ತಿರುಗಿ ನಿಂತ. "ನಾನೇನು ಬೇಕು ಅಂತ ಬರಿಸ್ಕೊಂಡ್ನಾ? ನನಗೂ ಇದರಿಂದ್ಲೇ ಬಂದಿರೋದು."

"ನನ್ನ ಮಗಳಿಗೆ ಎರಡು ವರ್ಷ. ಮುತ್ತಿಟ್ಟೆ, ಅವಳ ಬಾಯಿ ತುಂಬಾ ಹುಣ್ಣು. ಮೂರು ದಿನದಿಂದ ನೀರು ಸಹ ಇಳೀತಿಲ್ಲ ಗಂಟಲಲ್ಲಿ."

"ಅದಕ್ಕೆ ನಾನೇನು ಮಾಡ್ಲಿ? ನನ್ನ ಕೇಳಿ ಮುತ್ತಿಟ್ಯಾ?"

ಅಷ್ಟೇ. ಕಡ್ಡಿಯ ಮುಷ್ಟಿ ಡುಮ್ಮನ ಮುಖದ ನಟ್ಟನಡುವೆ ಇಳಿಯಿತು. ಡುಮ್ಮ ತತ್ತರಿಸಿದವನು ಬೀಳಲಿಲ್ಲ. ಕಡ್ಡಿಯನ್ನು ಸೊಂಟಕ್ಕೆ ತಬ್ಬಿ ಎತ್ತಿ ಗೇಟಿನ ಕಬ್ಬಿಣದ ಸರಳುಗಳಿಗೆ ಅಪ್ಪಳಿಸಿದ. ಕಡ್ಡಿ ಅವನ ಕಿವಿಗೆ ಹಲ್ಲು ಹಾಕಿದ. ಇಬ್ಬರನ್ನೂ ಬಿಡಿಸಲು ಆರು ಜನ ಬೇಕಾಯಿತು. ಬಿಡಿಸುವಷ್ಟರಲ್ಲಿ ಡುಮ್ಮನ ಮೂಗಿನ ರಕ್ತ ಗೇಟಕ್ಕನ ಅಂಗಿಯ ಮೇಲೆ, ಯಂತ್ರದ ಮೇಲೆ, ಪೀಪಿಯ ಮೇಲೆ ಚಿಮ್ಮಿತ್ತು.

ಸೂಪರ್‌ವೈಸರ್ ಸೀಟಿ ಊದುತ್ತಾ ಬಂದ. ಒಳಗೆ ಮೂವತ್ತು ಬಸ್ಸುಗಳು ಎಂಜಿನ್ ಚಾಲೂ ಮಾಡಿಕೊಂಡು ನಿಂತಿದ್ದವು. ಹೊಡೆದಾಡಿದವರಿಬ್ಬರನ್ನೂ ಆಚೆ ತಳ್ಳಿಸಿ, "ಮುಂದಿನವರು ಊದಿ, ಊದಿ. ಇದನ್ನ ನೋಡ್ತಾ ನಿಂತ್ರೆ ಜನ ಸ್ಟಾಪಲ್ಲೇ ಮುದುಕರಾಗ್ತಾರೆ" ಎಂದು ಕೂಗಿದ.

"ರಕ್ತ ಆಗಿದೆ ಸರ್" ಎಂದಳು ಗೇಟಕ್ಕ.

"ಒರೆಸಮ್ಮ. ಅದನ್ನೂ ನಾನೇ ಹೇಳಿಕೊಡ್ಬೇಕಾ?"

ಒದ್ದೆ ಬಟ್ಟೆಗೆ ರಕ್ತ ಹೋದರೂ ಕೊಳವೆಯೊಳಗೆ ಕೆಂಪು ಗೆರೆ ಉಳಿಯಿತು. ಅದನ್ನು ತಮ್ಮನ ಬಾಯಿಗೆ ಹಿಡಿಯಲು ಅವಳಿಗೆ ಕೈ ಬರಲಿಲ್ಲ. ಕಾವಲು ಕೋಣೆಯ ಮೇಜಿನ ಮೇಲೆ ಕೈ ತೊಳೆಯುವ ಸ್ಯಾನಿಟೈಸರಿನ ದೊಡ್ಡ ಬಾಟಲಿ ಇತ್ತು. ಮುಚ್ಚಳ ಬಿಚ್ಚಿ ಪೀಪಿಯೊಳಗೆ ತುಂಬಿಸಿ ಕುಲುಕಿದಳು, ಎರಡು ಸಲ ನೆಲಕ್ಕೆ ಕೊಡವಿದಳು. ಸೀಟಿ ಮತ್ತೆ ಕೂಗಿತು. ಹಸಿ ಹಸಿಯಾಗಿಯೇ ಅದನ್ನು ಯಂತ್ರಕ್ಕೆ ಸಿಕ್ಕಿಸಿ ತಮ್ಮನ ಮುಂದೆ ಹಿಡಿದಳು.

ತಮ್ಮ ಊದಿದ. ಯಂತ್ರ ಕಿರುಚಿತು. ಕೆಂಪು ದೀಪ ಹತ್ತಿತು. ಅಂಕಿ ಮೂವತ್ತು ದಾಟಿದರೆ ಬಸ್ ಮುಟ್ಟುವಂತಿಲ್ಲ ಎಂಬ ಕಡೆ ನೂರ ನಲವತ್ತಾರು ಎಂದು ತೋರಿಸುತ್ತಿತ್ತು.

ಗೇಟಕ್ಕ ಮುಂದಕ್ಕೆ ಬಾಗಿ ತಮ್ಮನ ಬಾಯಿಯ ಹತ್ತಿರ ಮೂಗು ತಂದಳು. ಘಾಟು ಅಡರಿತು. ಅವಳಿಗೆ ಗೊತ್ತಿದ್ದ ಘಾಟು ಅದು.

ನಾಲ್ಕು ವರ್ಷದ ಹಿಂದೆ ಆ ಘಾಟು ತುಂಬಿದ ಮನೆಯಲ್ಲಿ ತಮ್ಮ ತನ್ನ ಹೆಂಡತಿಯ ಕತ್ತು ಹಿಸುಕುತ್ತಿದ್ದಾಗ ಅವಳು ನಡುವೆ ಹೋಗಿದ್ದಳು. ಅವನು ಅವಳ ಎಡ ಮಣಿಕಟ್ಟನ್ನು ತಿರುಚಿ ಮುರಿದಿದ್ದ. ಇವತ್ತಿಗೂ ಅದರೊಳಗೆ ಉಕ್ಕಿನ ಪಟ್ಟಿ ಇತ್ತು. ಮಾರನೆಯ ದಿನ ಅವನೇ ಅವಳ ಕಾಲ ಹತ್ತಿರ ಕೂತು ಅತ್ತಿದ್ದ. ಕುಡಿತ ಬಿಡಿಸುವ ಆಸ್ಪತ್ರೆಗೆ ಅವಳೇ ಸೇರಿಸಿದ್ದಳು, ಮೂರು ತಿಂಗಳು ಅವಳೇ ಊಟ ಹೊತ್ತಿದ್ದಳು. ಕಳೆದುಕೊಂಡ ಕೆಲಸ ಅವನಿಗೆ ಮತ್ತೆ ಸಿಕ್ಕದ್ದೂ ಅವಳ ಮಾತಿನ ಮೇಲೆ. "ಇನ್ನೊಂದು ಸಲ ಮುಟ್ಟಿದ್ರೆ ನಾನೇ ಹಿಡಿದು ಕೊಡ್ತೀನಿ ಸರ್" ಎಂದು ಮ್ಯಾನೇಜರ್ ಮುಂದೆ ಹೇಳಿ ಬಂದಿದ್ದಳು.

ಬಲಗೈ ತಾನಾಗಿಯೇ ಎದ್ದಿತು. ಕೆನ್ನೆಗೆ ಬಿದ್ದ ಏಟಿಗೆ ತಮ್ಮನ ಟೋಪಿ ಹಾರಿತು.

"ಅಕ್ಕ, ನಾನು ಕುಡಿದಿಲ್ಲ."

"ಬಾಯಿ ಮುಚ್ಚು."

"ಅಕ್ಕ, ನನ್ನ ಮಾತು ಕೇಳು. ಇನ್ನೊಂದ್ಸಲ ಊದ್ತೀನಿ. ಹತ್ತು ನಿಮಿಷ ಬಿಟ್ಟು ಊದ್ತೀನಿ."

ಅವಳು ಇನ್ನೊಂದು ಬಿಗಿದಳು. ಈ ಸಲ ಅವನ ತುಟಿ ಹಲ್ಲಿಗೆ ಸಿಕ್ಕಿ ಒಡೆಯಿತು. ಅವನು ಹಿಂದೆ ಸರಿಯಲಿಲ್ಲ, ಕೈಯನ್ನೂ ಅಡ್ಡ ಹಿಡಿಯಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತಾ ನಿಂತಿದ್ದ.

ಕಾಲು ಗಂಟೆ ಬಿಟ್ಟು, ಹೊಸ ಪೀಪಿ ಹಾಕಿ, ಎರಡನೇ ಸಲ ಊದಿಸಬೇಕೆಂಬ ನಿಯಮವೇ ಇತ್ತು. ಸೂಪರ್‌ವೈಸರ್‌ಗೆ ಅಷ್ಟು ವ್ಯವಧಾನವಿರಲಿಲ್ಲ. "ಕುಡುಕರಿಗೆ ಎರಡನೇ ಸಲ ಏನು ಬಂತು? ಹೆಂಡ್ತಿ ಕತ್ತು ಹಿಸುಕಿದವನು, ನಿನ್ನ ಹಣೆಬರಹ ಗೊತ್ತಿಲ್ವಾ" ಎನ್ನುತ್ತಾ ತಮ್ಮನ ಕಾಲರಿಗೆ ಕೈ ಹಾಕಿ ಎಳೆದ.

ತಮ್ಮ ಅಲ್ಲಿಯವರೆಗೂ ಏಟು ತಿಂದುಕೊಂಡು ನಿಂತಿದ್ದ. ಆ ಮಾತು ಕಿವಿಗೆ ಬಿದ್ದದ್ದೇ ತಲೆಯಿಂದ ಸೂಪರ್‌ವೈಸರ್‌ನ ಬಾಯಿಗೆ ಗುದ್ದಿದ. ಮಾತು ಮುಗಿಸಿದ್ದೇ ಆತ ಸೀಟಿಯನ್ನು ಮತ್ತೆ ಹಲ್ಲುಗಳ ನಡುವೆ ಸಿಕ್ಕಿಸಿಕೊಂಡಿದ್ದ. ಮುಂದಿನ ಎರಡು ಹಲ್ಲು ಸೀಟಿಯ ಜೊತೆಗೇ ನೆಲಕ್ಕೆ ಬಿದ್ದವು. ಕಾವಲಿನ ಇಬ್ಬರು ಗಂಡಸರು ಲಾಠಿ ಹಿಡಿದು ಓಡಿ ಬಂದರು. ಮೊದಲ ಏಟು ಮೊಣಕಾಲಿಗೆ, ಎರಡನೆಯದು ಬೆನ್ನಿಗೆ. ತಮ್ಮ ಕುಸಿದ ಮೇಲೂ ಅವರು ನಿಲ್ಲಿಸಲಿಲ್ಲ. ಸೂಪರ್‌ವೈಸರ್ ರಕ್ತ ಉಗುಳುತ್ತಾ ಬೂಟುಗಾಲಿನಿಂದ ಪಕ್ಕೆಗೆ ಒದ್ದ. ಆಮೇಲೆ ಮೂವರೂ ಸೇರಿ ಅವನನ್ನು ಕಾಲು ಹಿಡಿದು ದರದರ ಎಳೆದುಕೊಂಡು ಟೈರ್ ಗೋದಾಮಿನ ಕಡೆ ಹೋದರು. ಕಬ್ಬಿಣದ ಬಾಗಿಲು ಎಳೆದುಕೊಂಡ ಸದ್ದು ಗೇಟಿನವರೆಗೂ ಕೇಳಿಸಿತು.

ಗೇಟಕ್ಕ ಇದ್ದಲ್ಲೇ ನಿಂತಿದ್ದಳು. ಬಿಡಿಸಬೇಕು ಅನ್ನಿಸಲಿಲ್ಲ. ಬೀಳಲಿ, ನಾಲ್ಕು ಬೀಳಲಿ ಎಂದೇ ಆ ಗಳಿಗೆ ಅವಳ ಮನಸ್ಸು ಹೇಳುತ್ತಿತ್ತು. ಈ ಮಾತನ್ನು ಅವಳು ಮುಂದೆ ಯಾರ ಹತ್ತಿರವೂ ಮುಚ್ಚಿಡಲಿಲ್ಲ.

ಕೋಣೆಗೆ ಬಂದಳು. ಅಂಗೈ ಉರಿಯುತ್ತಿತ್ತು. ಕೈಗೆ ಹತ್ತಿದ ರಕ್ತ ಒಣಗತೊಡಗಿತ್ತು. ಸ್ಯಾನಿಟೈಸರ್ ಸುರಿದುಕೊಂಡು ಎರಡೂ ಕೈ ಉಜ್ಜಿದಳು. ಹಣೆಯ ಬೆವರು ಒರೆಸಲು ಕೈ ಮುಖದ ಹತ್ತಿರ ಹೋಯಿತು.

ಅದೇ ಘಾಟು.

ಕೈ ಅಲ್ಲಿಯೇ ನಿಂತಿತು. ಇನ್ನೊಮ್ಮೆ ಮೂಸಿದಳು. ಬಾಟಲಿ ತಿರುಗಿಸಿ ಚೀಟಿ ಓದಿದಳು. ನೂರಕ್ಕೆ ಎಪ್ಪತ್ತು ಭಾಗ ಆಲ್ಕೋಹಾಲ್ ಎಂದು ದಪ್ಪ ಅಕ್ಷರದಲ್ಲಿತ್ತು. ಎರಡು ವರ್ಷ ಆ ಬಾಟಲಿ ಅವಳ ಕಣ್ಣ ಮುಂದೆಯೇ ಇತ್ತು, ಒಂದು ದಿನವೂ ಓದಿರಲಿಲ್ಲ.

ಯಂತ್ರವನ್ನು ಕೈಗೆತ್ತಿಕೊಂಡಳು. ಪೀಪಿ ಅಷ್ಟರಲ್ಲಿ ಆರಿತ್ತು. ಗುಂಡಿ ಒತ್ತಿದಳು. ತಾನೇ ಊದಿದಳು. ಸೊನ್ನೆ. ಪೀಪಿಗೆ ಸ್ಯಾನಿಟೈಸರ್ ಹಾಕಿ ಕೊಡವಿ ಮತ್ತೆ ಊದಿದಳು. ಯಂತ್ರ ಕಿರುಚಿತು. ನೂರ ತೊಂಬತ್ತು.

ಯಂತ್ರ ಒಂದು ಕೈಯಲ್ಲಿ, ಬಾಟಲಿ ಇನ್ನೊಂದರಲ್ಲಿ ಹಿಡಿದು ಮ್ಯಾನೇಜರ್ ಕೋಣೆಗೆ ಓಡಿದಳು. ಮ್ಯಾನೇಜರ್ ಆಗಲೇ ಪೊಲೀಸರಿಗೆ ಫೋನ್ ಮಾಡಿ ಮುಗಿಸಿದ್ದರು. ವರ್ಕ್‌ಶಾಪಿನ ಮೇಸ್ತ್ರಿ ಕೆಟ್ಟ ಬಸ್ಸಿನ ಕಾಗದಕ್ಕೆ ಸಹಿ ಹಾಕಿಸಲು ಬಂದು ಪಕ್ಕದಲ್ಲಿ ನಿಂತಿದ್ದರು. ಅರವತ್ತರ ಹತ್ತಿರದ ಮನುಷ್ಯ. ಹುಟ್ಟಿದಾರಭ್ಯ ಒಂದು ತೊಟ್ಟು ನಾಲಿಗೆಗೆ ತಾಗಿಸಿದವರಲ್ಲ ಎಂದು ಇಡೀ ಡಿಪೋಗೆ ಗೊತ್ತಿತ್ತು.

"ಅವನು ಕುಡಿದಿಲ್ಲ ಸರ್. ಪೀಪಿಗೆ ನಾನು ಇದನ್ನ ಹಾಕ್ದೆ. ಯಂತ್ರ ಕೂಗಿದ್ದು ಇದಕ್ಕೆ."

ಮ್ಯಾನೇಜರ್ ತಲೆ ಎತ್ತಲಿಲ್ಲ. "ತಮ್ಮನ್ನ ಉಳಿಸ್ಕೊಳ್ಳೋಕೆ ಕಥೆ ಕಟ್ಟಬೇಡಮ್ಮ. ನೀನೇ ಎಲ್ಲರ ಮುಂದೆ ಎರಡು ಬಾರಿಸಿದ್ದೀಯಂತೆ."

"ಬಾರಿಸ್ದೆ. ತಪ್ಪು ನಂದು. ಬೇಕಾದ್ರೆ ನೀವೇ ಊದಿ ನೋಡಿ."

ಅವಳು ಬಾಟಲಿಯಿಂದ ಪೀಪಿಗೆ ಇನ್ನೊಮ್ಮೆ ಹನಿಸಿ ಯಂತ್ರವನ್ನು ಅವರ ಮುಖದ ಹತ್ತಿರ ಹಿಡಿದಳು. ಮ್ಯಾನೇಜರ್ ಪೀಪಿಯನ್ನು ನೋಡಿದರು. ಹಳದಿ ತಿರುಗಿದ ಪ್ಲಾಸ್ಟಿಕ್, ಕಚ್ಚಿ ಕಚ್ಚಿ ಹರಕಾದ ಅಂಚು, ಒಳಗೆ ಡುಮ್ಮನ ರಕ್ತದ ಗೆರೆ. ಅವರು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು.

"ಛೀ, ತೆಗಿಯಮ್ಮ ಆಚೆ. ಯಾರ್ಯಾರ ಎಂಜಲೋ ಏನೋ."

"ನೂರಿಪ್ಪತ್ತು ಜನರದ್ದು ಸರ್. ಮೂರು ತಿಂಗಳಿಂದ."

ಟೈರ್ ಗೋದಾಮಿನ ಕಡೆಯಿಂದ ಯಾರೋ ನರಳಿದ ದನಿ ಕೇಳಿಸಿತು. ಗೇಟಕ್ಕ ಮೇಜಿನ ಮೇಲಿದ್ದ ಗಾಜಿನ ಹೂಜಿಯನ್ನೆತ್ತಿ ಗೋಡೆಗೆ ಬೀಸಿ ಒಗೆದಳು. ಚೂರುಗಳು ಮ್ಯಾನೇಜರ್ ತಲೆಯ ಮೇಲೆ ಉದುರಿದವು. "ಊದ್ತೀರೋ, ಇಲ್ಲಾ ಬಾಯಿ ಬಿಡಿಸಿ ನಾನೇ ತುರುಕ್ಲೋ" ಎಂದಳು. ದನಿ ಏರಿರಲಿಲ್ಲ. ಅದಕ್ಕೇ ಮ್ಯಾನೇಜರ್ ಹೆದರಿದರು.

ಮೇಸ್ತ್ರಿ ಮುಂದೆ ಬಂದು ಯಂತ್ರವನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. "ನಾನು ಊದ್ತೀನಿ ಕೊಡು ತಾಯಿ" ಎಂದು ಹೇಳಿ, ಕಣ್ಣು ಮುಚ್ಚಿ, ಆ ಪೀಪಿಗೆ ಬಾಯಿಟ್ಟು ಊದಿದರು. ಯಂತ್ರ ಕಿರುಚಿತು. ಅವರು ಅಂಕಿಯನ್ನು ಮ್ಯಾನೇಜರ್ ಕಡೆ ತಿರುಗಿಸಿ ತೋರಿಸಿದರು. ಆಮೇಲೆ ಕಿಟಕಿಯ ಹತ್ತಿರ ಹೋಗಿ ಹೊರಗೆ ಬಾಗಿ ಉಗುಳಿದರು.

"ಬಾಗಿಲು ತೆಗೆಸಿ ಸರ್. ಅವನನ್ನ ಕೊಂದೇಬಿಡ್ತಾರೆ" ಎಂದರು.

ಗೇಟಕ್ಕ ಆ ಮಾತು ಮುಗಿಯುವ ಮೊದಲೇ ಅಂಗಳದಲ್ಲಿ ಓಡುತ್ತಿದ್ದಳು.

ಗೋದಾಮಿನೊಳಗೆ ಏನಾಗಿತ್ತೆಂದು ಆಮೇಲೆ ತಿಳಿಯಿತು. ಮೂವರೂ ಸಾಕಾಗುವಷ್ಟು ಬಡಿದಿದ್ದರು. ಒಬ್ಬ ತಮ್ಮನ ತಲೆಯನ್ನು ಹಿಡಿದು ಟೈರಿನ ಉಕ್ಕಿನ ಚಕ್ರಕ್ಕೆ ಎಡಗಿವಿಯ ಕಡೆಯಿಂದ ಕುಟ್ಟಿದ್ದ. ಆಮೇಲೆ ಪೊಲೀಸರು ಬರಲಿ ಎಂದು ಚಿಲಕ ಹಾಕಿ, ಸೂಪರ್‌ವೈಸರ್‌ನ ಬಾಯಿಗೆ ಐಸ್ ಹುಡುಕಿಕೊಂಡು ಹೋಗಿದ್ದರು. ತಮ್ಮ ತೆವಳಿಕೊಂಡು ಹೋಗಿ ಮೂಲೆಯಲ್ಲಿದ್ದ ಟೈರ್ ಬಿಚ್ಚುವ ಕಬ್ಬಿಣದ ಸಲಾಕೆ ಹಿಡಿದು ಬಾಗಿಲ ಮಗ್ಗುಲಲ್ಲಿ ನಿಂತಿದ್ದ. ಒಂದು ಕಣ್ಣು ಊದಿ ಮುಚ್ಚಿತ್ತು, ಇನ್ನೊಂದರೊಳಗೆ ರಕ್ತ ಇಳಿದಿತ್ತು. ಮುಂದೆ ಬರುವವನ ಮಂಡೆ ಒಡೆಯುವುದೊಂದೇ ಅವನ ತಲೆಯಲ್ಲಿದ್ದುದು.

ಗೇಟಕ್ಕ ಚಿಲಕ ತೆಗೆದು ಒಳಗೆ ಕಾಲಿಟ್ಟಳು. ಸಲಾಕೆ ಬೀಸಿ ಬಂತು. ಅವಳು ಎಡವಿದ್ದರಿಂದ ತಲೆಗೆ ಬೀಳಬೇಕಾದದ್ದು ಬಲ ಭುಜದ ಮೇಲೆ ಬಿತ್ತು. ಮೂಳೆ ಮುರಿದದ್ದು ಅವಳಿಗೇ ಕೇಳಿಸಿತು. ಮಂಡಿಯೂರಿ ಕೂತಳು. ಸಲಾಕೆ ಎರಡನೇ ಸಲ ಮೇಲೆದ್ದಿತ್ತು.

"ನಾನು ಕಣೋ" ಎಂದಳು.

ಅವನಿಗೆ ಸರಿಯಾಗಿ ಕೇಳಿಸಲಿಲ್ಲ. ಆದರೆ ಬಾಗಿಲಿನಿಂದ ಬಂದ ಬೆಳಕಿನಲ್ಲಿ ಮುಖ ಕಂಡಿತು. ಸಲಾಕೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವನು ಕೂತು, ಅಕ್ಕನ ತಲೆಯನ್ನು ಎದೆಗೆ ಒತ್ತಿಕೊಂಡ. ಅವನ ಕಿವಿಯ ರಕ್ತ ಅವಳ ಕೂದಲಿಗೆ ಇಳಿಯಿತು. ಮೇಸ್ತ್ರಿ ಬಂದು ನೋಡಿದಾಗ ಇಬ್ಬರೂ ಹಾಗೆಯೇ ಕೂತಿದ್ದರು, ಯಾರೂ ಅಳುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚ ಸಿಕ್ಕಿತು. ಮಧ್ಯಾಹ್ನ ತಮ್ಮನ ಹೆಂಡತಿ ಬಂದಳು. ಗಂಡನ ಮುಖದ ಊತ, ಕಿವಿಯ ಪಟ್ಟಿ, ಯಾವುದನ್ನೂ ಅವಳು ಮೊದಲು ನೋಡಲಿಲ್ಲ. ನೇರವಾಗಿ ಬಾಗಿ ಅವನ ಬಾಯಿ ಮೂಸಿದಳು. ತಮ್ಮ ಬಾಯಿ ತೆರೆದು ತೋರಿಸಿದ, ಡಾಕ್ಟರಿಗೆ ತೋರಿಸುವ ಹಾಗೆ. ಅವಳು ಇನ್ನೊಮ್ಮೆ ಮೂಸಿದಳು. ಆಮೇಲೆ ಮಂಚದ ಸರಳು ಹಿಡಿದು ನೆಲದ ಮೇಲೆಯೇ ಕೂತು ಬಿಕ್ಕಿದಳು. ಗೇಟಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಸಂಜೆ ಹೆಂಡತಿ ಔಷಧಿ ತರಲು ಹೋದಾಗ ತಮ್ಮ ಮೊದಲ ಸಲ ಬಾಯಿಬಿಟ್ಟ.

"ಅವತ್ತು ನಿನ್ನ ಕೈ ಮುರಿದಾಗ ಕುಡಿದಿದ್ದೆ ಅಂತ ಒಂದು ನೆಪ ಇತ್ತು. ಇವತ್ತು ಏನಂತ ಹೇಳ್ಕೊಳ್ಲಿ?"

"ನಾನೂ ಕುಡಿದಿರ್ಲಿಲ್ಲ" ಎಂದಳು ಗೇಟಕ್ಕ, "ನಿನಗೆ ಹೊಡೆದಾಗ."

"ನೀನು ಒಂದ್ಸಲ ಕೇಳಬಹುದಿತ್ತು."

"ಕೇಳಬಹುದಿತ್ತು."

ಅವನು ಆಮೇಲೆ ಮಾತಾಡಲಿಲ್ಲ. ಆ ದಿನವಲ್ಲ, ಎಷ್ಟೋ ತಿಂಗಳು ಮಾತಾಡಲಿಲ್ಲ.

ವಿಚಾರಣೆ ನಡೆಯಿತು. ಸ್ಟೋರಿನ ಬೀರು ತೆಗೆಸಿದಾಗ ಸೀಲ್ ಒಡೆಯದ ಹೊಸ ಪೀಪಿಗಳ ನಾಲ್ಕು ಡಬ್ಬಿ ಸಿಕ್ಕಿದವು. ಮೇಲಿನವರು ತಪಾಸಣೆಗೆ ಬಂದಾಗ ದಾಸ್ತಾನು ತುಂಬಿರುವುದು ಕಾಣಲಿ ಎಂದು ಸೂಪರ್‌ವೈಸರ್ ಬೀಗ ಹಾಕಿ ಇಟ್ಟಿದ್ದ. ವಿಚಾರಣೆಯ ದಿನ ಅವನು ಅಂಗಳದಲ್ಲಿ ಡ್ರೈವರುಗಳ ಕೈಗೆ ಸಿಕ್ಕಿಬಿದ್ದ. ಕಡ್ಡಿ ಮತ್ತು ಡುಮ್ಮ ಇಬ್ಬರೂ ಸೇರಿ ಅವನನ್ನು ಹಿಡಿದುಕೊಂಡರು, ಉಳಿದವರು ಒಂದೊಂದು ಕೊಟ್ಟರು. ಪೊಲೀಸರು ಬಂದು ಬಿಡಿಸುವಷ್ಟರಲ್ಲಿ ಅವನ ದವಡೆ ಜೋತುಬಿದ್ದಿತ್ತು. ಹೊಡೆದವರಲ್ಲಿ ಏಳು ಜನ ಕೆಲಸ ಕಳೆದುಕೊಂಡರು. ಕಡ್ಡಿಯೂ ಅವರಲ್ಲೊಬ್ಬ. ಅವನ ಮಗಳ ಬಾಯಿ ಅಷ್ಟರಲ್ಲಿ ವಾಸಿಯಾಗಿತ್ತು. ಲಾಠಿ ಬೀಸಿದ ಇಬ್ಬರನ್ನು ತೆಗೆದುಹಾಕಿದರು. ಸೂಪರ್‌ವೈಸರ್‌ನನ್ನು ಬೇರೆ ಡಿಪೋಗೆ ಹಾಕಿದರು. ಮ್ಯಾನೇಜರ್ ಕುರ್ಚಿ ಅಲ್ಲಾಡಲಿಲ್ಲ.

ಗೇಟಕ್ಕ ತನ್ನ ಹೇಳಿಕೆಯನ್ನು ತಾನೇ ಹೇಳಿ ಬರೆಸಿದಳು. ಮೂರು ತಿಂಗಳು ಒಬ್ಬರ ಎಂಜಲನ್ನು ಇನ್ನೊಬ್ಬರ ಬಾಯಿಗಿಟ್ಟೆ, ಗೊತ್ತಿದ್ದೂ ಇಟ್ಟೆ. ಪೀಪಿಗೆ ಸ್ಯಾನಿಟೈಸರ್ ಹಾಕಿ ಒಣಗಿಸದೆ ಕೊಟ್ಟೆ, ಅದು ಗೊತ್ತಿಲ್ಲದೆ. ತಮ್ಮನಿಗೆ ಮೊದಲು ಹೊಡೆದವಳು ನಾನು. ಬರೆದುಕೊಳ್ಳುತ್ತಿದ್ದ ಗುಮಾಸ್ತ ಪೆನ್ನು ನಿಲ್ಲಿಸಿ, "ಕೊನೇದು ಬೇಕಾಗಿಲ್ಲಮ್ಮ, ಅದು ನಿಮ್ಮ ಮನೆ ವಿಷಯ" ಎಂದ. "ಇರ್ಲಿ, ಬರ್ಕೊಳ್ಳಿ" ಎಂದಳು. ಮೂರು ತಿಂಗಳು ಕೆಲಸದಿಂದ ಹೊರಗಿಟ್ಟರು. ಆಮೇಲೆ ಗೇಟು ತಪ್ಪಿಸಿ ಬಸ್ ತೊಳೆಯುವ ಅಂಗಳಕ್ಕೆ ಹಾಕಿದರು.

ತಮ್ಮನ ಎಡಗಿವಿಗೆ ಕೇಳುವ ಶಕ್ತಿ ಮತ್ತೆ ಬರಲಿಲ್ಲ. ಒಂದು ಕಿವಿ ಕೇಳದವನಿಗೆ ಬಸ್ ಕೊಡುವಂತಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಆ ಕಾಗದ ಕೈಗೆ ಬಂದ ದಿನ ಅವನು ಮನೆಯ ಬಾಗಿಲನ್ನು ಒದ್ದು ಸೀಳಿದ, ಕನ್ನಡಿ ಒಡೆದ. ಹೆಂಡತಿ ಓಡಿ ಪಕ್ಕದ ಮನೆ ಸೇರಿದಳು. ಕುಡಿಯಲು ಹೋಗುತ್ತಾನೆ ಎಂದು ಬೀದಿಯವರೆಲ್ಲ ಕಾದರು. ಅವನು ಹೋಗಲಿಲ್ಲ. ಗಾಜಿನ ಚೂರುಗಳನ್ನು ತಾನೇ ಆಯ್ದು, ಬಡಗಿಯನ್ನು ಕರೆದು ಬಾಗಿಲು ಸರಿ ಮಾಡಿಸಿದ. ಮಾರನೆಯ ವಾರ ಮೇಸ್ತ್ರಿಯ ಕೈಕೆಳಗೆ ವರ್ಕ್‌ಶಾಪ್ ಸೇರಿದ.

ಅಕ್ಕನ ಮನೆಗೆ ಬಂದದ್ದು ಅದಾಗಿ ನಾಲ್ಕು ತಿಂಗಳ ಮೇಲೆ, ಒಂದು ರಜೆಯ ಬೆಳಗ್ಗೆ. ಅವಳು ಒಂದೇ ಕೈಯಿಂದ ಬಟ್ಟೆ ಹಿಂಡಲು ಒದ್ದಾಡುತ್ತಿದ್ದಳು. ಅವನು ಹಾಸಿಗೆ ಹೊದಿಕೆಯ ಇನ್ನೊಂದು ತುದಿ ಹಿಡಿದು ತಿರುಚಿದ. ನೀರು ಇಬ್ಬರ ಕಾಲ ಮೇಲೂ ಸುರಿಯಿತು.

"ಭುಜ ಎಷ್ಟು ಏಳುತ್ತೆ?" ಎಂದು ಕೇಳಿದ.

ಅವಳು ಬಲಗೈ ಎತ್ತಿದಳು. ಅದು ಅವನ ಕೆನ್ನೆಯ ಮಟ್ಟಕ್ಕೆ ಬಂದು ನಿಂತಿತು.

"ಇಷ್ಟೇ."

"ಸಾಕು ಬಿಡು. ನನಗೆ ಬಾರಿಸೋಕೆ ಅಷ್ಟು ಸಾಕು."

ಅವಳು ನಗಲಿಲ್ಲ. ಎತ್ತಿದ ಕೈಯನ್ನು ಇಳಿಸುವುದು ಹೇಗೆಂದೇ ತೋಚದೆ ನಿಂತಳು. ತಮ್ಮನೇ ಅದನ್ನು ಮೊಣಕೈ ಹಿಡಿದು, ನೋವಾಗದ ಹಾಗೆ, ಕೆಳಗಿಳಿಸಿದ. ಬಕೆಟ್ಟಿನಿಂದ ಮುಂದಿನ ಬಟ್ಟೆ ತೆಗೆದು ಒಂದು ತುದಿಯನ್ನು ಅವಳ ಕೈಗೆ ಕೊಟ್ಟ.